ಬಿಸಿಲಿನ ಕ್ಯಾಮೆರಾ, ಮಿಂಚಿನ ಕ್ಯಾಮೆರಾ

ನನ್ನ ಕ್ಯಾಮೆರಾಕ್ಕೆ ಸೆಲ್ಲೇ ಬೇಡ, ಅಣ್ಣನದಕ್ಕೆ ಎರಡು ಬೇಕು. ನಮ್ಮಿಬ್ಬರ ಜಗಳ ಶುರುವಾದದ್ದು ಅಲ್ಲಿಂದ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ಶಿಡ್ಲಘಟ್ಟದ ಒಂದು ಶಿಶುವಿಹಾರದಲ್ಲಿ ಟೀಚರಾಗಿದ್ದೆ. ಅಣ್ಣ ಗೌರಿಬಿದನೂರಿನಲ್ಲಿ ಕಾರ್ಖಾನೆ ಕೆಲಸದಲ್ಲಿದ್ದು, ಶನಿವಾರಗಳಂದು ದಿಬ್ಬೂರಹಳ್ಳಿಯ ನಮ್ಮ ಮನೆಗೆ ಬರುತ್ತಿದ್ದ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತ, ಟಾರ್ಚು, ರೇಡಿಯೊ ಮಾರುತ್ತಿದ್ದ ಸಾಹೇಬರ ಅಂಗಡಿಯೊಂದಿತ್ತು. ಫಿಲಂ ರೋಲನ್ನು ಬೆಂಗಳೂರಿಗೆ ಕಳಿಸಿ ತೊಳೆಸಿ ತರಿಸಿಕೊಡುತ್ತಿದ್ದವರೂ ಅವರೇ. ಒಂದು ಶನಿವಾರ ಅವರು ಎರಡು ಅಗ್ಗದ ಕ್ಯಾಮೆರಾಗಳನ್ನು ಗಾಜಿನ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಇಟ್ಟರು.

"ನೋಡಮ್ಮ, ಎಲ್ಲಾರ್ ಮನೆ ದೋಸೆನೂ ತೂತೇ. ಇದು ಕತ್ತಲಲ್ಲೂ ಫೋಟೊ ಹಿಡೀತದೆ, ಆದ್ರೆ ಸೆಲ್ಲು ತಿಂತದೆ. ಅದಕ್ಕೆ ಬಿಸಿಲೊಂದೇ ಊಟ" ಎಂದರು.

ಅಣ್ಣ ಮೊದಲನೆಯದಕ್ಕೆ ಕೈ ಹಾಕಿದ. ನಾನು ಎರಡನೆಯದನ್ನು ತೆಗೆದುಕೊಂಡೆ. ಅದರ ಬೆಲೆ ಅರ್ಧ ಎನ್ನುವುದೊಂದೇ ಕಾರಣ. ಆದರೆ ಆ ಮಾತನ್ನು ಅಣ್ಣನ ಮುಂದೆ ನಾನು ಒಂದು ದಿನವೂ ಒಪ್ಪಿಕೊಳ್ಳಲಿಲ್ಲ.

ಅವನದರ ಮುಚ್ಚಳ ಸರಿಸಿದರೆ ಕೆಂಪು ದೀಪ ಮಿಣುಕುತ್ತಿತ್ತು. ಗುಂಡಿ ಒತ್ತಿದರೆ ಫಳ್ಳೆಂದು ಮಿಂಚು, ಆಮೇಲೆ ಗರ್ರೆಂದು ಫಿಲಂ ತಾನಾಗಿ ಮುಂದಕ್ಕೆ. ಆ ಸದ್ದು ಕೇಳುವುದಕ್ಕೇ ಬೀದಿಯ ಜನ ಬರುತ್ತಿದ್ದರು. ನನ್ನದರಲ್ಲಿ ಹೆಬ್ಬೆರಳಿನಿಂದ ಚಕ್ರ ತಿರುಗಿಸಬೇಕು. ಲೆನ್ಸಿನ ಪಕ್ಕ ಒಂದು ಸೂರ್ಯ, ಒಂದು ಮೋಡ ಬರೆದಿತ್ತು. ಆಕಾಶ ನೋಡಿ ಮುಳ್ಳನ್ನು ಯಾವುದಾದರೊಂದಕ್ಕೆ ಇಡಬೇಕು. ಮೊದಲ ರೋಲಿನಲ್ಲಿ ಇಬ್ಬರೂ ಚಿಕ್ಕಬಳ್ಳಾಪುರದ ಸೋದರತ್ತೆಯ ಮನೆ ಮಾಳಿಗೆ ಹತ್ತಿ ಸ್ಕಂದಗಿರಿಯನ್ನು ಹಿಡಿದೆವು. ಬೆಟ್ಟ ಎರಡರಲ್ಲೂ ಒಂದೇ ಥರ ಬಂತು. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನನ್ನ ಮರ್ಯಾದೆ ಹೋಯಿತು. ನೋಡುವ ಕಿಂಡಿ ಮೇಲೆ, ಲೆನ್ಸು ಕೆಳಗೆ. ಕಿಂಡಿಯಲ್ಲಿ ಕಂಡದ್ದನ್ನೇ ನಂಬಿದ ನಾನು ಹತ್ತಿರ ನಿಂತವರೆಲ್ಲರ ತಲೆ ತೆಗೆದಿದ್ದೆ.

"ಅತ್ತೆ ಸರ ಚೆನ್ನಾಗ್ ಬಂದದೆ ಕಣೇ. ಅತ್ತೆ ಎಲ್ಲಿ?" ಎಂದು ಅಣ್ಣ ಫೋಟೊವನ್ನು ಹಿಂದೆ ಮುಂದೆ ತಿರುಗಿಸಿದ.

ಅದು ಕ್ಯಾಮೆರಾದ ತಪ್ಪು ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದ. ಒಂದು ವಾರ ಅವನ ಜೊತೆ ಮಾತು ಬಿಟ್ಟೆ. ಆದರೆ ಎಲ್ಲರ ತಲೆಯ ಮೇಲೆ ನಾಲ್ಕು ಬೆರಳು ಜಾಗ ಬಿಡುವುದನ್ನೂ ಅದೇ ವಾರ ಕಲಿತೆ.

ಕೊನೆಗೆ ತೀರ್ಪು ಅಪ್ಪನ ಮುಂದೆ ಹೋಯಿತು. ನಮ್ಮ ಕಡೆ ಗೂಡು ಕೊಳ್ಳುವವರು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಲೊಟಲೊಟ ಎಂದರೆ ಗೂಡು ಗಟ್ಟಿ. ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಕರಗಿದೆ ಎಂದು ಲೆಕ್ಕ. ಅಪ್ಪ ಎರಡೂ ಕ್ಯಾಮೆರಾಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ನನ್ನದು ಲೊಟಲೊಟ ಎಂದಿತು.

"ನಿಂದು ಗಟ್ಟಿ ಕಣಮ್ಮ. ಇವಂದ್ರಲ್ಲಿ ಹುಳ ಕರಗೋಗದೆ."

ಒಳಗೆ ಯಾವುದೋ ತಿರುಪು ಸಡಿಲವಾಗಿದೆ ಎಂದು ನನಗೆ ಗೊತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಬಾಯಿ ಮುಚ್ಚಿಕೊಂಡು ಗೆಲುವನ್ನು ಒಪ್ಪಿಕೊಂಡೆ.

ಆ ವರ್ಷ ರೇಷ್ಮೆ ಇಲಾಖೆಯವರು ನಮ್ಮ ಕಡೆಯ ಹಲವು ಮನೆಗಳಿಗೆ ಬಿಳಿಗೂಡಿನ ಹೊಸ ತಳಿ ಕೊಟ್ಟಿದ್ದರು. ನಮಗೆ ಗೊತ್ತಿದ್ದದ್ದು ಹಳದಿ ಗೂಡು. ಬಿಳಿಯದು ಬಲು ನಾಜೂಕು. ಸೊಪ್ಪು ತುಸು ಬಾಡಿದರೆ ಆಗದು, ಸೆಕೆ ಆಗದು, ಥಂಡಿ ಆಗದು. ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ನಾಲ್ಕನೇ ಜ್ವರ, ಅಂದರೆ ಹುಳು ಮೇವು ಬಿಟ್ಟು ಪೊರೆ ಬಿಡುವ ಹೊತ್ತು, ದಾಟುವುದರೊಳಗೆ ತಟ್ಟೆಗಟ್ಟಲೆ ಹುಳು ತಿಪ್ಪೆ ಸೇರಿತ್ತು. ನಮ್ಮ ಮನೆಯಲ್ಲಿ ಸೇರಲಿಲ್ಲ. ಯಾಕೆಂದರೆ ನಮ್ಮ ಹುಳುಮನೆಯಲ್ಲಿ ಅಮ್ಮ ಇದ್ದಳು. ಕಾಲು ತೊಳೆಯದೆ ಅಲ್ಲಿಗೆ ಯಾರೂ ಕಾಲಿಡುವಂತಿರಲಿಲ್ಲ, ಮಲ್ಲಿಗೆ ಮುಡಿದು ಬಂದವರು ಹೊರಗೇ ನಿಲ್ಲಬೇಕಿತ್ತು. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುವುದು, ಹಿಪ್ಪುನೇರಳೆ ಸೊಪ್ಪನ್ನು ಕೆನ್ನೆಗೆ ಒತ್ತಿ ತಂಪು ನೋಡುವುದು, ಹುಳು ಜ್ವರಕ್ಕೆ ಕೂತದ್ದನ್ನು ಮೇಯುವ ಸದ್ದು ನಿಂತದ್ದರಿಂದಲೇ ತಿಳಿಯುವುದು, ಎಲ್ಲವೂ ಅವಳದೇ. ಅಪ್ಪ ತೋಟ ನೋಡುತ್ತಿದ್ದರು, ಗೂಡನ್ನು ಮಾರುಕಟ್ಟೆಗೆ ಒಯ್ಯುತ್ತಿದ್ದರು. ಹುಳು ಮೇದು ಹಣ್ಣಾಗಿ, ಬಿದಿರು ಹೆಣೆದ ಚಂದ್ರಿಕೆ ತಟ್ಟಿಗಳನ್ನು ಏರಿ ಗೂಡು ಕಟ್ಟಿದಾಗ ಹುಳುಮನೆಯ ಗೋಡೆಗಳೆಲ್ಲ ಬೆಳ್ಳಗಾದವು.

ಚಂದ್ರಿಕೆಯಿಂದ ಗೂಡು ಬಿಡಿಸುವುದಕ್ಕೆ ಒಂದು ದಿನ ಮುಂಚೆ, ಶನಿವಾರ, ಇಲಾಖೆಯ ಅಧಿಕಾರಿ ಬಂದು ನೋಡಿ, ತಾಲ್ಲೂಕಿನಲ್ಲೇ ಕೈಗೆ ಬಂದ ಮೊದಲ ಬಿಳಿಗೂಡಿನ ಬೆಳೆ ಇದು ಎಂದರು. ಎರಡು ವಾರ ಬಿಟ್ಟು ಚಿಕ್ಕಬಳ್ಳಾಪುರದಲ್ಲಿ ಬೆಳೆಗಾರರ ಸಭೆ ಇದೆ, ಅಲ್ಲಿ ಬೋರ್ಡಿನ ಮೇಲೆ ದೊಡ್ಡದಾಗಿ ಹಾಕುವುದಕ್ಕೆ ಫೋಟೊ ಬೇಕು, ಸ್ಟುಡಿಯೋದ್ದು ಬೇಡ, ಬೆಳೆಯ ಜೊತೆ ಬೆಳೆದವರು ಇರಬೇಕು ಎಂದರು.

ಅವರ ಜೀಪು ತಿರುಗುವುದರೊಳಗೆ ಅಪ್ಪ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕಿಸಿದರು. ಅಣ್ಣ ಹೊಸ ಸೆಲ್ಲು ಹುಡುಕಿದ. ಬೆಳೆದವರು ಎಂದರೆ ಯಾರು ಎಂದು ಒಬ್ಬರೂ ಕೇಳಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಬೆಳೆದಿದ್ದು ಅಮ್ಮ. ಫೋಟೊ ಅಮ್ಮಂದು ಹೋಗ್ಬೇಕು."

"ರೇಷ್ಮೆ ಪಾಸ್‌ಬುಕ್ಕು ಅಪ್ಪನ ಹೆಸ್ರಲ್ಲಿ ಅದೆ ಕಣೇ" ಎಂದ ಅಣ್ಣ.

"ಪಾಸ್‌ಬುಕ್ಕು ಗೂಡು ಕಟ್ತಾ?"

ಅಮ್ಮ ಅಡುಗೆ ಮನೆಯಿಂದಲೇ, "ನಂಗ್ಯಾಕ್ ಬಿಡೇ ಫೋಟೊ. ಸುಮ್ನಿರು" ಎಂದಳು. ನಾನು ಸುಮ್ಮನಾಗಿಬಿಡುತ್ತಿದ್ದೆನೋ ಏನೋ. ಸ್ವಲ್ಪ ಹೊತ್ತಿನ ಮೇಲೆ ನೀರು ತರುವ ನೆಪದಲ್ಲಿ ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳದ ಹಾಗೆ, "ಆ ಬೋರ್ಡನ್ನ ಎಷ್ಟ್ ದಿನ ಇಟ್ಟಿರ್ತಾರಂತೆ?" ಎಂದು ಕೇಳಿದಳು. ಅಷ್ಟು ಸಾಕಾಯಿತು. ಹಟ ಹಿಡಿದು ಕೂತೆ.

ಅಣ್ಣನೇ ಉಪಾಯ ತೆಗೆದ. "ನಾನು ಅಪ್ಪನ್ನ ತೆಗೀತೀನಿ, ನೀನು ಅಮ್ಮನ್ನ ತೆಗಿ. ಯಾವ್ದು ಚೆನ್ನಾಗ್ ಬರ್ತದೋ ಅದನ್ನ ಆಫೀಸರ್ರೇ ತಗಳ್ಲಿ." ಅಪ್ಪನೂ ತಲೆಯಾಡಿಸಿದರು. ಗೆದ್ದಾಯಿತು ಎಂದೇ ಅಣ್ಣನ ಮುಖ ಹೇಳುತ್ತಿತ್ತು. ಅಮ್ಮನ ಕೆಲಸದ ಬೆಲೆಯನ್ನು ಎರಡು ಪ್ಲಾಸ್ಟಿಕ್ ಡಬ್ಬಗಳು ತೀರ್ಮಾನಿಸಬೇಕೇ ಎಂದು ಮೈ ಉರಿಯಿತು. ಬೇರೆ ದಾರಿಯಿರಲಿಲ್ಲ, ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಅಪ್ಪ ಬಿಳಿ ಷರ್ಟು ತೊಟ್ಟು, ಪೌಡರ್ ಹಚ್ಚಿಕೊಂಡು ಬಂದರು. ಅಮ್ಮ ಬಾಗಿಲಲ್ಲೇ ತಡೆದಳು. ಒಳಗೆ ಎರಡು ಚಂದ್ರಿಕೆಗಳಲ್ಲಿ ಹಿಂದುಳಿದ ಹುಳುಗಳು ಇನ್ನೂ ನೂಲು ಸುತ್ತುತ್ತಿದ್ದವು. "ಪೌಡ್ರು ವಾಸ್ನೆ ಆಗಲ್ಲ, ತೊಳ್ಕೊಂಡ್ ಬನ್ನಿ." ಅಪ್ಪ ಗೊಣಗುತ್ತ ಮುಖ ತೊಳೆದು ಬಂದರು. ಅಣ್ಣ ಅವರನ್ನು ಚಂದ್ರಿಕೆಯ ಮುಂದೆ ನಿಲ್ಲಿಸಿ, ಏನೋ ಕಡಿಮೆಯಾಯಿತು ಎಂದುಕೊಂಡು, ಹಸಿರಾಗಿ ಕಾಣಲಿ ಎಂದು ತೋಟದಿಂದ ಒಂದು ಕೊಂಬೆ ಸೊಪ್ಪು ತಂದು ಕೈಗೆ ಕೊಟ್ಟ. ಅಪ್ಪ ಸೊಪ್ಪನ್ನು ಗೂಡುಗಳತ್ತ ಚಾಚಿ ಎದೆ ಸೆಟೆಸಿದರು. ಫಳ್, ಗರ್ರ್. ಎರಡೇ ನಿಮಿಷದಲ್ಲಿ ಮುಗಿಯಿತು.

ನನಗೆ ಸೂರ್ಯ ಬೇಕಿತ್ತು, ಅವತ್ತು ಮೋಡ. ಅಮ್ಮ ಅಂಗಳದ ಹೊಂಗೆಮರಕ್ಕೆ ಚಂದ್ರಿಕೆಗಳನ್ನು ಒರಗಿಸಿಕೊಂಡು ಗೂಡು ಬಿಡಿಸಲು ಕೂತಳು. ಅವಳ ಕೈ ಹತ್ತು ಜನರ ಕೈ. ಒಂದೊಂದೇ ಚಂದ್ರಿಕೆ ಬರಿದಾಗುತ್ತಿದ್ದರೆ ನಾನು ಆಕಾಶ ನೋಡುತ್ತಿದ್ದೆ. ರೋಲಿನಲ್ಲಿ ಉಳಿದಿದ್ದದ್ದು ಮೂರೇ ಫೋಟೊ.

"ಒಸಿ ನಿಧಾನ ಮಾಡಮ್ಮ, ಬಿಸ್ಲು ಬರ್ಲಿ."

"ನಿನ್ ಸೂರ್ಯಂಗೆ ನಾನ್ ಕಾಯಕ್ಕಾಗಲ್ಲ ಕಣೇ. ನಾಳೆ ಮಾರ್ಕೆಟ್ಟು."

ಅಣ್ಣ ಜಗಲಿಯ ಮೇಲೆ ಕಾಫಿ ಕುಡಿಯುತ್ತ, ಬೇಕಿದ್ದರೆ ತನ್ನ ಮಿಂಚನ್ನು ಸಾಲ ಕೊಡುವುದಾಗಿ ಹೇಳಿದ. ನಾನು ಅವನತ್ತ ತಿರುಗಿಯೂ ನೋಡಲಿಲ್ಲ. ಇನ್ನು ಒಂದೇ ಒಂದು ಚಂದ್ರಿಕೆ ಬಾಕಿ ಇದ್ದಾಗ ಮೋಡ ಸರಿಯಿತು. ಅಂಗಳದ ತುಂಬ ಎಳೆಬಿಸಿಲು. ಮರ ಬಿಟ್ಟು ಒಂದು ಗಜ ಈಚೆಗೆ ಚಂದ್ರಿಕೆಯನ್ನು ಎಳೆದುಕೊಟ್ಟೆ. ಮುಳ್ಳನ್ನು ಸೂರ್ಯನಿಗೆ ಇಟ್ಟೆ, ಐದು ಹೆಜ್ಜೆ ಹಿಂದೆ ಸರಿದೆ, ತಲೆಯ ಮೇಲೆ ನಾಲ್ಕು ಬೆರಳು ಬಿಟ್ಟೆ. ಇತ್ತ ನೋಡು ಎಂದು ಅಮ್ಮನಿಗೆ ಹೇಳಬೇಕೆಂದುಕೊಂಡವಳು ಹೇಳಲಿಲ್ಲ. ಅವಳು ಗೂಡನ್ನು ನೋಡುತ್ತಿದ್ದಳು. ಮೂರು ಸಲ ಒತ್ತಿದೆ.

ಮುಂದಿನ ಶನಿವಾರ ಸಾಹೇಬರ ಅಂಗಡಿಯಲ್ಲಿ ನಾವೆಲ್ಲ ಸೇರಿದೆವು. ಅಣ್ಣ ಗೌರಿಬಿದನೂರಿನ ಬಸ್ಸಿಳಿದು ನೇರ ಅಲ್ಲಿಗೇ ಬಂದಿದ್ದ. ಅಪ್ಪ, ಅಧಿಕಾರಿ, ಜೊತೆಗೆ ಗಡಿಯಾರ ರಿಪೇರಿಗೆ ಬಂದಿದ್ದ ನಾಲ್ಕಾರು ನೂಲು ತೆಗೆಯುವ ಜನ. ಸಾಹೇಬರು ಅಣ್ಣನ ಲಕೋಟೆಯನ್ನು ಮೊದಲು ಒಡೆದರು. ಅಪ್ಪನ ಷರ್ಟಿನ ಗುಂಡಿ ಸಹಿತ ಚೆನ್ನಾಗಿ ಬಂದಿತ್ತು. ಆದರೆ ಹತ್ತಿರದಿಂದ ಹೊಡೆದ ಮಿಂಚಿಗೆ ಬಿಳಿ ಗೂಡುಗಳು ಕಾಣದಂತಾಗಿ, ಚಂದ್ರಿಕೆಯ ಮೇಲೆ ಸುಣ್ಣ ಚೆಲ್ಲಿದ ಹಾಗಿತ್ತು. ಅಧಿಕಾರಿ ಫೋಟೊವನ್ನು ಕಣ್ಣಿನ ಹತ್ತಿರ ತಂದರು.

"ಏನ್ ಯಜಮಾನ್ರೇ, ಗೂಡಿಗೂ ಸೊಪ್ಪು ಹಾಕ್ತೀರಾ?"

ಅಂಗಡಿಯೇ ನಕ್ಕಿತು. ಗೂಡು ಕಟ್ಟಿದ ಹುಳು ಮೇವು ಬಿಟ್ಟು ಎಷ್ಟೋ ದಿನವಾಗಿರುತ್ತದೆ ಎನ್ನುವುದು ನಮ್ಮೂರಿನಲ್ಲಿ ಎಳೆ ಮಕ್ಕಳಿಗೂ ಗೊತ್ತು. ಅಪ್ಪನಿಗೆ ಗೊತ್ತಿಲ್ಲದೆ ಏನಿಲ್ಲ. ಫೋಟೊದ ಹುರುಪಿನಲ್ಲಿ ಮೈಮರೆತಿದ್ದರು. ಕೆಂಪಗಾದರು. ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

"ಸೊಪ್ಪು ಹಾಕೋಳು ಅವಳು ಸಾ. ಯಾವಾಗ್ ನಿಲ್ಲಿಸ್ಬೇಕು ಅಂತ ನಂಗೇನ್ ಗೊತ್ತು?"

ನನ್ನ ಲಕೋಟೆಯಲ್ಲಿ ಮೊದಲನೆಯದು ಅಲುಗಿತ್ತು. ಎರಡನೆಯದರಲ್ಲಿ ಕೋಳಿಯೊಂದು ಅಡ್ಡ ಬಂದಿತ್ತು. ಮೂರನೆಯದನ್ನು ಸಾಹೇಬರು ಬೆಳಕಿಗೆ ಹಿಡಿದು ನೋಡಿ ಅಧಿಕಾರಿಯ ಕೈಗೆ ಕೊಟ್ಟರು. ಪಕ್ಕದಿಂದ ಬಿದ್ದ ಬಿಸಿಲಿಗೆ ಒಂದೊಂದು ಗೂಡೂ ಬೇರೆಬೇರೆಯಾಗಿ, ದುಂಡಗೆ, ನೆರಳಿನೊಂದಿಗೆ ಎದ್ದು ನಿಂತಿತ್ತು. ಅರ್ಧ ಬಿಡಿಸಿದ ಚಂದ್ರಿಕೆ, ಮಡಿಲ ತುಂಬ ಗೂಡು, ಪೂರಾ ತಲೆ. ಅಮ್ಮ ಗೂಡನ್ನು ನೋಡುತ್ತಿದ್ದ ನೋಟ ನನ್ನನ್ನು ಸಾಕುವಾಗ ನೋಡಿದ್ದಿರಬಹುದಾದ ನೋಟ. ಬಲಗೈಯ ಬೆರಳುಗಳು ಮಾತ್ರ ಮಸುಕು. ಅವಳ ಕೈಯ ವೇಗ ನನ್ನ ಕ್ಯಾಮೆರಾಕ್ಕೆ ಸಿಕ್ಕಿರಲಿಲ್ಲ.

"ಇದು" ಎಂದರು ಅಧಿಕಾರಿ.

ನಾನು ಕುಣಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ರಸ್ತೆಗಿಳಿದು, ಗೂಡಿನ ಗಾಡಿಗಳ ನಡುವೆ, ಟೀಚರೆಂಬ ಮಾನ ಬಿಟ್ಟು ಒಂದು ಸುತ್ತು ತಿರುಗಿದೆ. ಬಸ್ಸಿನಲ್ಲಿ ಅಣ್ಣ, "ಒಂದ್ ತಿಂಗ್ಳು ಬದ್ಲಾಯಿಸ್ಕೊಳ್ಳಣ ಕಣೇ, ಸುಮ್ನೆ ನೋಡಣ" ಎಂದ. ಕೊಡುವುದಿಲ್ಲ ಎಂದೆ. ದಿಬ್ಬೂರಹಳ್ಳಿ ಬರುವವರೆಗೆ ಕೊಡುವುದಿಲ್ಲ ಎನ್ನುತ್ತಲೇ ಇದ್ದೆ.

ಚಿಕ್ಕಬಳ್ಳಾಪುರದ ಸಭೆಗೆ ಅಮ್ಮ ಮದುವೆಯ ಸೀರೆ ಉಟ್ಟು ಬಂದಳು. ಬಾಗಿಲಿನ ಪಕ್ಕದ ಬೋರ್ಡಿನಲ್ಲಿ ಅವಳ ಫೋಟೊ ಕಿಟಕಿಯಷ್ಟು ದೊಡ್ಡದಾಗಿತ್ತು. ಅವಳು ಮೊದಲು ದೂರ ನಿಂತು ನೋಡಿದಳು, ಆಮೇಲೆ ಹತ್ತಿರ ಹೋಗಿ ಗೂಡುಗಳನ್ನು ಪರೀಕ್ಷಿಸಿದಳು. ಬಿಳಿಗೂಡಿಗೆ ಕೈ ಹಾಕಿ ಹುಳು ಕಳೆದುಕೊಂಡಿದ್ದ ಹೆಂಗಸರು ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಬಂದಿದ್ದರು. ಅವರಲ್ಲೊಬ್ಬಳು ಫೋಟೊವನ್ನೂ ಅಮ್ಮನನ್ನೂ ನೋಡಿ, ತೆಲುಗು ಬೆರೆತ ಕನ್ನಡದಲ್ಲಿ, "ನಾಕನೇ ಜ್ವರ ಎಟ್ಲಾ ದಾಟಿಸಿದ್ರಕ್ಕಾ? ಯಾರು ಬೆಳೆದಿದ್ದು ಇದು?" ಎಂದು ಕೇಳಿದಳು.

ಹುಟ್ಟಿದಾಗಿನಿಂದ ನಾನು ಕೇಳಿದ್ದು ಒಂದೇ ಉತ್ತರ. ಮನೆಗೆ ಬಂದವರು ಹೀಗೆ ಕೇಳಿದಾಗೆಲ್ಲ ಅಮ್ಮ "ನಮ್ಮ ಯಜಮಾನ್ರು" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಯಜಮಾನರು ಅವತ್ತು ಎರಡು ಮಾರು ದೂರದಲ್ಲೇ ನಿಂತಿದ್ದರು. ಅಮ್ಮ ಅವರತ್ತ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನೇ ಕಣಮ್ಮ ಬೆಳೆದಿದ್ದು. ಬಾ, ಕೂತ್ಕೋ, ಹೇಳ್ತೀನಿ."