ಒಂದೇ ಚಪ್ಪಡಿಯ ಮೇಲೆ ಇಬ್ಬರು ಇಂಜಿನಿಯರು

ನಮ್ಮ ಬೀದಿಯ ಟೈಲರ್ ಅಕ್ಕನಿಗೆ ಪೋಲಿಯೊದಿಂದ ಒಂದು ಕಾಲು ಸೋತಿತ್ತು. ಕಂಕುಳಲ್ಲಿ ಊರುಗೋಲು, ಕೊರಳಲ್ಲಿ ಅಳತೆಯ ಟೇಪು. ದೂರದ ಅಕ್ಕೂರು ಹಳ್ಳಿಯಿಂದಲೂ ಹೆಂಗಸರು ಆಕೆಯ ಬಳಿ ರವಿಕೆ ಹೊಲಿಸಲು ಬರುತ್ತಿದ್ದರು. ಯಾರು ಏನೇ ಸಬೂಬು ಹೇಳಿದರೂ ಆಕೆಯದು ಒಂದೇ ಮಾತು: "ಬಂದು ಒಸಿ ನೋಡಿ."

ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಚರಂಡಿ ಮುಚ್ಚಿದ್ದ ಚಪ್ಪಡಿಗಳು ಮುರಿದಿದ್ದವು. ಹಾಗಾಗಿ ಆಕೆ ಲಾರಿ, ಬಸ್ಸುಗಳ ನಡುವೆ ರಸ್ತೆಯಲ್ಲೇ ನಡೆಯಬೇಕಿತ್ತು. ಒಂದು ದಿನ ಆಟೋ ತಗುಲಿ ಬಿದ್ದಳು. ಮೊಣಕೈಗೆ ಕಟ್ಟು ಹಾಕಿಸಿಕೊಂಡು ನೇರವಾಗಿ ಪುರಸಭೆಗೆ ಹೋದಳು.

ಅಲ್ಲಿಯ ಇಂಜಿನಿಯರು, "ರಸ್ತೆ ನಮ್ಮದಲ್ಲ" ಎಂದರು. ರಸ್ತೆ ಇಲಾಖೆಯ ಇಂಜಿನಿಯರು, "ಚರಂಡಿ ನಮ್ಮದಲ್ಲ" ಎಂದರು. ತಿಂಗಳುಗಟ್ಟಲೆ ಅಲೆದ ಮೇಲೆ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರನ್ನು ಒಂದೇ ಬೆಳಿಗ್ಗೆ "ಬಂದು ಒಸಿ ನೋಡಿ" ಎಂದು ಅಂಗಡಿಗೆ ಕರೆಸಿದಳು. ಅಲುಗಾಡುವ ಚಪ್ಪಡಿಯ ಮೇಲೆ ಇಬ್ಬರನ್ನೂ ನಿಲ್ಲಿಸಿದಳು.

"ಈಗ ಯೋಳಿ ಸಾ. ನಾನು ಯಾರ ಕಡೀಕ್ ಬೀಳ್ಲಿ? ರಸ್ತೆಗೋ, ಚರಂಡಿಗೋ?"

ಇಬ್ಬರಲ್ಲಿ ಕಿರಿಯ ಇಂಜಿನಿಯರು ನಗಲು ಹೋಗಿ ತಡೆದುಕೊಂಡರು. ಹಿರಿಯವರು ಊರುಗೋಲನ್ನೇ ನೋಡುತ್ತಿದ್ದವರು, "ಟೇಪ್ ಕೊಡಮ್ಮ" ಎಂದು ಇಸಿದುಕೊಂಡು ಕುಕ್ಕರಗಾಲಲ್ಲಿ ಕೂತು ಬಿರುಕು ಅಳೆಯತೊಡಗಿದರು. ಕಿರಿಯವರು ಬರೆದುಕೊಂಡರು.

ತಿಂಗಳೊಳಗೆ ಹೊಸ ಚಪ್ಪಡಿ ಬಂತು. ಫುಟ್‌ಪಾತಿನ ಕೊನೆಯಲ್ಲಿ ಊರುಗೋಲಿಗೆ ಅನುಕೂಲವಾಗುವಂತೆ ಇಳಿಜಾರನ್ನೂ ಮಾಡಿದ್ದರು.

ಅಕ್ಕ ಬಿದ್ದ ದಿನದಿಂದ ಅಲ್ಲಿಯವರೆಗೆ ನಾನು ವಾಹನ ನೋಡಿಕೊಂಡು ಆಕೆಯ ಹಿಂದೆ ನಡೆಯುತ್ತಿದ್ದೆ. ಹೊಸ ಚಪ್ಪಡಿ ಹಾಕಿದ ದಿನ ಪಕ್ಕದಲ್ಲಿ ನಡೆದೆ. ನಡೆಯುವಾಗ ಅಕ್ಕ ಮೆಲ್ಲಗೆ ಹಾಡು ಗುನುಗುತ್ತಾಳೆಂಬುದು ನನಗೆ ತಿಳಿದದ್ದು ಅವತ್ತೇ.