ಬೂರುಗದ ಹತ್ತಿ ಒಣಗಿದ ಮಧ್ಯಾಹ್ನ

ಓದುವ ಎಲ್ಲರಿಗೂ ನಮಸ್ಕಾರ. ಮೀಸೆ ನರೆಯುವ ಹೊತ್ತಿಗೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶ್ರೀರಂಗಪಟ್ಟಣದಲ್ಲಿ ನನ್ನ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡೇ ಒಂದು ಹಾಸಿಗೆ ಅಂಗಡಿ ಇದೆ. ಅದರ ಯಜಮಾನನನ್ನು ಬೀದಿಯವರೆಲ್ಲ ಭಾಯಿ ಅನ್ನುತ್ತೇವೆ. ಬೇಸಿಗೆ ಬಂತೆಂದರೆ ಶೀಳನೆರೆ ಕಡೆಯಿಂದ ಅವನಿಗೆ ಬೂರುಗದ ಹತ್ತಿಯ ಮೂಟೆಗಳು ಬರುತ್ತವೆ. ವರ್ಷದ ಅನ್ನವೆಲ್ಲ ಆ ಮೂಟೆಗಳಲ್ಲೇ. ಅದೇ ಹೊತ್ತಿಗೆ ಸುತ್ತಲಿನ ಮನೆಯವರು ಗಂಟುಗಟ್ಟಿದ ಹಳೆ ಹಾಸಿಗೆಗಳನ್ನು ಹತ್ತಿ ಬಡಿಸಿ ಮತ್ತೆ ತುಂಬಿಸಲು ತಂದು ಹಾಕುತ್ತಾರೆ. ನಮ್ಮ ಮನೆಯದೂ ಒಂದು ಇತ್ತು.

ಅಂಥ ಒಂದು ಬೇಸಿಗೆಯಲ್ಲಿ ಪೇಟೆಯಲ್ಲಿ ಗಲಭೆಯಾಯಿತು. ಮೆರವಣಿಗೆಯಲ್ಲಿ ಮಾತಿಗೆ ಮಾತು ಬೆಳೆದು ಕಲ್ಲು ಹಾರಿತು, ಸಂಜೆಗೆ ಬೆಂಕಿ ಬಿತ್ತು. ಭಾಯಿಯ ಅಂಗಡಿಯ ಮುಂಭಾಗವೂ ಹತ್ತಿ ಬಡಿಯುವ ಯಂತ್ರವೂ ಸುಟ್ಟುಹೋದವು. ಹಿಂದಿನ ಕೋಣೆಯಲ್ಲಿದ್ದ ಮೂಟೆಗಳು, ಹಾಸಿಗೆಗಳು ಸುಡಲಿಲ್ಲ. ಬೆಂಕಿ ಆರಿಸಿದವರ ನೀರು ಕುಡಿದು ಮುದ್ದೆಯಾಗಿದ್ದವು.

ಮಾರನೇ ದಿನ ನಿಷೇಧಾಜ್ಞೆ. ಬಾಗಿಲು ಹಾಕಿದ ಪೇಟೆಯಲ್ಲಿ ಕಾವೇರಿ ಹರಿಯುವ ಸದ್ದು ಗಿರಣಿಯವರೆಗೂ ಕೇಳಿಸಿತು. ಇಷ್ಟು ವರ್ಷ ಅದು ಅಷ್ಟು ಹತ್ತಿರ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಸುಟ್ಟ ಬಾಗಿಲಿನಿಂದ ನೆನೆಯದೆ ಉಳಿದ ಹತ್ತಿಯ ಎಳೆಗಳು ಹೊರಬಂದು, ನಿದ್ದೆಗಣ್ಣಲ್ಲಿ ನಡೆಯುವವರ ಹಾಗೆ ಖಾಲಿ ರಸ್ತೆಯಲ್ಲಿ ಅಡ್ಡಾಡುತ್ತಿದ್ದವು.

ಪೊಲೀಸರು ಮಹಜರು ಮುಗಿಸಿ, ಇನ್ನು ಸಾಮಾನು ತೆಗೆಯಬಹುದು ಅಂದರು. ಚುರುಗುಟ್ಟುವ ಬಿಸಿಲು. ನೆಂದ ಹತ್ತಿಯನ್ನು ಕೂಡಲೇ ಹರಡಿದರೆ ಉಳಿಯುತ್ತದೆ, ಮುದ್ದೆಯಾಗಿ ಬಿಟ್ಟರೆ ಕೊಳೆಯುತ್ತದೆ. ಭಾಯಿ ಮೂಟೆಗೆ ಕೈ ಹಾಕಿದ್ದನಷ್ಟೆ, ಒಬ್ಬ ಮುಖಂಡರ ಕಡೆಯವನು ಬೈಕಿನಲ್ಲಿ ಬಂದಿಳಿದ.

“ಮುಟ್ಬ್ಯಾಡ ಮುಟ್ಬ್ಯಾಡ! ನಮ್ ಸಾಹೇಬ್ರು ಬತ್ತಾವ್ರೆ. ಇಂಗೇ ಇರ್ಲಿ.”

“ಒಣಗಾಕ್ಬೇಕು ಸಾರ್, ಖರಾಬ್ ಆಗೋಯ್ತದೆ.”

“ಬಿಸ್ಲೇನ್ ಓಡೋಯ್ತದಾ? ನೀನು ಎಲ್ಲಾ ಗುಡಿಸಿ ಮಡುಗ್ಬುಟ್ರೆ ಅವ್ರು ಬಂದು ಏನ್ ನೋಡಾರು?”

ಸಾಹೇಬರು ಬಂದದ್ದು ಬಿಸಿಲು ಇಳಿದ ಮೇಲೆ. ಭಾಯಿಯ ಹೆಗಲ ಮೇಲೆ ಕೈಯಿಟ್ಟು, ತಪ್ಪಿತಸ್ಥರು ಯಾರೇ ಆಗಲಿ ಬಿಡುವುದಿಲ್ಲ ಎಂದು ಕ್ಯಾಮೆರಾಗಳಿಗೆ ಹೇಳಿ ಹೋದರು.

ಮರುದಿನ ಎದುರು ಪಕ್ಷದವರ ಸರದಿ. “ನಿನ್ನೆ ಬಂದವ್ರ್ಗೆ ತೋರ್ಸಿದ್ನ ನಮ್ಮೋರ್ಗೂ ತೋರುಸ್ಬೇಕಲ್ವಾ?” ಎಂದು ಅವರ ಕಡೆಯವನು ಕಾವಲು ಕೂತ. ಅವರೂ ಸಂಜೆಗೇ ಬಂದರು. ಇದಕ್ಕೆಲ್ಲ ನಿನ್ನೆ ಬಂದವರೇ ಕಾರಣ ಅಂದರು. ಜಗಲಿಯಲ್ಲಿ ಸುಮ್ಮನೆ ಕೂತಿದ್ದ ನಮ್ಮ ಕಡೆ ತಿರುಗಿ, ಶಾಂತಿ ಕಾಪಾಡಿ ಅಂದರು. ಅವರು ಹೋದ ಮೇಲೆ ಮೂಟೆಯೊಳಗೆ ಕೈಯಿಟ್ಟು ನೋಡಿದೆ. ಮಲಗಿದ ಹಸುವಿನ ಹೊಟ್ಟೆಯ ಹಾಗೆ ಬೆಚ್ಚಗಿತ್ತು. ಕೊಳೆಯುವ ವಾಸನೆ ಶುರುವಾಗಿತ್ತು. ಭಾಯಿ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ಮೂರನೇ ಪಕ್ಷದ ಮುಖಂಡರು ಬರುವ ದಿನ ಬೆಳಗ್ಗೆ ನಿಷೇಧಾಜ್ಞೆ ಸ್ವಲ್ಪ ಸಡಿಲವಾಯಿತು. ಅವರ ಕಡೆಯಿಂದ ಕಾವಲಿಗೆ ನಿಂತವನ ಫೋನಿಗೆ ಸುದ್ದಿ ಬರುತ್ತಿತ್ತು: ಕೆ.ಆರ್. ಪೇಟೆ ಬಿಟ್ಟರಂತೆ, ಪಾಂಡವಪುರದಲ್ಲಿ ತಿಂಡಿಯಂತೆ. ಆಗ ಹಿಂದಿನ ಬೀದಿಯ ಮೊಸರು ಮಾರುವ ಅಜ್ಜಿ ಬಂದಳು.

“ಎಲ್ಲಪ್ಪಾ ನನ್ ಹಾಸ್ಗೆ?”

“ಒಳ್ಗದೆ ಅಮ್ಮಾ. ಸಾಹೇಬ್ರು ನೋಡೋಗಂಟ ತೆಗೀಬ್ಯಾಡ ಅಂತಾವ್ರೆ,” ಅಂದ ಭಾಯಿ.

“ನನ್ ಹಾಸ್ಗೆ ಅವ್ರ್ಯಾಕ್ಲಾ ನೋಡ್ಬೇಕು? ಅವ್ರೇನ್ ಬಂದು ಮನೀಕತ್ತಾರಾ?”

ಕಾವಲಿನವನು ಅಡ್ಡ ಬಂದ. “ಅಜ್ಜೀ, ಇನ್ನೇನ್ ಬಂದ್ಬುಟ್ರು.”

“ಬರ್ಲಿ ಬುಡು. ಬಂದ್ರೆ ಒಂದ್ ತುದಿ ಇಡ್ಕಳಕ್ ಯೋಳು, ಒಬ್ಳ ಕೈಲಿ ಆಗಕಿಲ್ಲ.”

ಅಜ್ಜಿ ಎಳೆದಳು. ಇನ್ನೊಂದು ತುದಿ ನಾನು ಹಿಡಿದೆ. ಆಮೇಲೆ ಬೇರೆ ಮನೆಯವರೂ ಬಂದರು. ನೋಡನೋಡುತ್ತ ಗಿರಣಿಯ ತಾರಸಿ, ಅಜ್ಜಿಯ ತಾರಸಿ, ಬೀದಿಯ ಅಷ್ಟೂ ತಾರಸಿಗಳ ಮೇಲೆ ಹತ್ತಿ ಹರಡಿತು. ಹಾರದಂತೆ ಹಳೆ ಸೀರೆಗಳನ್ನು ಮುಚ್ಚಿದೆವು. ಆದರೂ ಅಂಚಿನಿಂದ ತಪ್ಪಿಸಿಕೊಂಡ ಎಳೆಗಳು ಮೇಲೇರಿ, ಹೊಳೆಯ ಕಡೆಗೋ ಎಲ್ಲಿಗೋ ನಿಧಾನವಾಗಿ ಹೋಗುತ್ತಿದ್ದವು.

ಮೂರನೆಯವರು ಬಂದಾಗ ಅಂಗಡಿ ಖಾಲಿ.

“ಎಲ್ಲಪ್ಪಾ ನಿನ್ ಮಾಲು?”

ಭಾಯಿ ಮೇಲೆ ಕೈ ತೋರಿಸಿದ. “ಒಣಗ್ತಾ ಅದೆ ಸಾರ್.”

ಅವರು ತಲೆಯೆತ್ತಿ ನೋಡಿದರು. ಒಂದು ಎಳೆ ಇಳಿದು ಬಂದು ಅವರ ಹುಬ್ಬಿನ ಮೇಲೆ ಕೂತಿತು. ಹೊಳೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಕ್ಯಾಮೆರಾದವನು, “ಸಾರ್, ಇಲ್ಲಿ ಗೋಡೆ ಕಪ್ಪಗದೆ, ಇಲ್ ನಿಂತ್ಕಳಿ” ಅಂದ. ಅಲ್ಲಿ ನಿಂತು ಅವರೂ ಹಿಂದಿನವರು ಹೇಳಿದ್ದನ್ನೇ ಹೇಳಿದರು. ಹೊರಡುವಾಗ ಮಾತ್ರ ಮೆಲ್ಲಗೆ ಕೇಳಿದರು: “ಉಳೀತದಾ?”

“ಅರ್ಧ ಉಳೀಬೋದು ಸಾರ್. ಮೊದಲ್ನೇ ದಿನವೇ ಆಗಿದ್ರೆ...”

ಕಾರಿನ ಬಾಗಿಲು ಮುಚ್ಚಿತು.

ಅರ್ಧವೇ ಉಳಿಯಿತು. ಕೊಳೆತದ್ದನ್ನು ತಿಪ್ಪೆಗೆ ಹೊತ್ತು ಹಾಕಿದೆವು. ಭಾಯಿ ಅಟ್ಟದಿಂದ ಅಪ್ಪನ ಕಾಲದ ಹತ್ತಿ ಬಡಿಯುವ ಬಿಲ್ಲು ಇಳಿಸಿ ಕೈಯಲ್ಲೇ ಬಡಿದು, ಎಲ್ಲರ ಹಾಸಿಗೆಗೂ ಇದ್ದಷ್ಟು ತುಂಬಿ ಕೊಟ್ಟ. ಯಾರ ಹತ್ತಿ ಯಾರ ಹಾಸಿಗೆಗೆ ಹೋಯಿತು ಎಂದರೆ ಈಗಲೂ ನಗುತ್ತಾನೆ. ನಮ್ಮದು ಮೊದಲಿಗಿಂತ ತೆಳ್ಳಗಿದೆ. ಬಿಸಿಲ ಮಧ್ಯಾಹ್ನ ಅದರ ಮೇಲೆ ಒರಗಿದರೆ ಸಣ್ಣಗೆ ಹೊಗೆಯ ವಾಸನೆ. ಕಣ್ಣು ಮುಚ್ಚುವ ಮುಂಚೆ, ಲಾರಿಗಳ ಸದ್ದಿನ ಅಡಿಯಲ್ಲಿ, ಹೊಳೆ ಕೇಳಿಸಿದ ಹಾಗಾಗುತ್ತದೆ.

ನಿಮ್ಮ ಊರಿನಲ್ಲೂ ಗಲಭೆಯಾದ ಮೇಲೆ ದೊಡ್ಡವರು ನೋಡಲು ಬಂದಿದ್ದರೆ, ಅವರು ಬರುವವರೆಗೆ ನೀವು ಏನನ್ನು ಮುಟ್ಟದೆ ಕಾದಿರಿ? ಎರಡು ಸಾಲು ಬರೆದು ತಿಳಿಸಿ. ಓದುವುದೂ ನಿಧಾನವೇ, ಆದರೆ ಪೂರ್ತಿ ಓದುತ್ತೇನೆ.