ಅನುಮಾನಕ್ಕೊಂದು ಕುರ್ಚಿ

ಆಕೆ ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಆನಿಸಿ, ತುಸು ಓರೆ ಮಾಡಿ ಇಟ್ಟುಕೊಂಡರು. ಬಾಗಿಲೂ ಕಾಣಬೇಕು, ನಾನೂ ಕಾಣಬೇಕು, ನನ್ನ ಮೇಜಿನ ಕೆಳಗೆ ಏನಿದೆ ಎಂಬುದೂ ಕಾಣಬೇಕು, ಹಾಗೆ. ಕುಳಿತು, ಸೆರಗು ಸರಿಮಾಡಿಕೊಂಡು, "ಹ್ಞೂಂ, ಸುರು ಮಾಡ್ರಿ" ಎಂದರು.

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಒಂದು ಸಮುದಾಯ ಭವನದಲ್ಲಿ ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ಆಗ ನನ್ನ ಕೆಲಸವಾಗಿತ್ತು. ಮನೆಮನೆಗೆ ಹೋಗಿ ಎಲ್ಲರ ಆರೋಗ್ಯ ವಿಚಾರಿಸುವುದು ಹೇಗೆ, ದಿನಾಲೂ ತುಸು ಹೊತ್ತು ಚುರುಕಾಗಿ ನಡೆಯಿರಿ ಎಂದು ಮನೆಯವರನ್ನು ಒಪ್ಪಿಸುವುದು ಹೇಗೆ ಎಂದು ನಾಲ್ಕು ದಿನ ಹೇಳಿಕೊಡಬೇಕು. ನಡಿಗೆಯ ಮಹತ್ವ ಸಾರಲು ನಾನು ಮಾತ್ರ ಬಾಡಿಗೆ ಕೋಣೆಯಿಂದ ಆಟೋದಲ್ಲಿ ಬರುತ್ತಿದ್ದೆ. ಭವನಕ್ಕಿಂತ ಸ್ವಲ್ಪ ಹಿಂದೆಯೇ ಇಳಿದುಕೊಳ್ಳುತ್ತಿದ್ದೆ, ಅಷ್ಟೆ. ಕರೆಯದೆ ಬಂದು ಕುಳಿತ ಈ ಹೆಂಗಸನ್ನು ಕಂಡಾಗ, ಮೇಲಿನವರು ಯಾರೋ ನನ್ನನ್ನು ಪರೀಕ್ಷಿಸಲು ವೇಷ ಹಾಕಿಸಿ ಕಳಿಸಿದ್ದಾರೆಂದೇ ನನಗೆ ಮೊದಲು ಅನಿಸಿತು.

ಚಹಾದ ಹೊತ್ತಿಗೆ ರೇಣುಕಾ ಎಂಬ ಕಾರ್ಯಕರ್ತೆ ಹತ್ತಿರ ಬಂದು ಪಿಸುಗುಟ್ಟಿದಳು. "ಅವ್ರು ನಮ್ಮ ಅತ್ತಿ ರೀ ಅಕ್ಕಾರ, ನಿಂಗವ್ವ ಅಂತ. ಇಲ್ಲಿ ಏನ್ ಕಲಸ್ತಾರ ನಾನ ನೋಡ್ತೀನಿ ಅಂದಾರ. ಛಲೋ ಅನಿಸಿದ್ರ ನನಗ ಈ ಕೆಲಸಕ್ಕ ಬಿಡ್ತಾರ. ಇಲ್ಲಂದ್ರ ಮುಗೀತು."

ರೇಣುಕಾ ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಸೊಸೆ. ಪಿಯುಸಿ ಮುಗಿದ ಬೇಸಿಗೆಯಲ್ಲೇ ಮದುವೆಯಾದವಳು. ಬೆಳಿಗ್ಗೆ ಪರಿಚಯ ಹೇಳಿಕೊಳ್ಳುವಾಗ, ಮದುವೆಯಾದಂದಿನಿಂದ ತನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ, ಇಲ್ಲೇ ಮೊದಲು ಎಂದು ಅಂದು, ಅಂದದ್ದಕ್ಕೆ ತಾನೇ ನಾಚಿಕೊಂಡಿದ್ದಳು. ಆ ಕೆಲಸ ಅವಳಿಗೆ ಎಷ್ಟು ಬೇಕಾಗಿದೆ ಎಂದು ನಾನು ಬೇರೆ ಕೇಳಲಿಲ್ಲ.

ನಿಂಗವ್ವನವರು ಯಾವುದನ್ನೂ ಪುಕ್ಕಟೆ ಒಪ್ಪುವವರಲ್ಲ. ಉಸುಳಿ ಕೊಟ್ಟರೆ ಮೂಸಿ ನೋಡಿದರು. ತೂಕದ ಯಂತ್ರದ ಮೇಲೆ ಸೊಸೆ ನಿಲ್ಲುವ ಮುನ್ನ ಅದನ್ನು ಕಾಲಿನಿಂದ ಸರಿಸಿ ಕೆಳಗಿನ ನೆಲ ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ನಡಿಯೋದು ಕಲಸಾಕ ನಿಮಗ ಪಗಾರ ಕೊಡ್ತಾರಂದ್ರ, ನಡಸ್ಕೋಂತ ನಮ್ಮ ಹುಡುಗ್ಯಾರನ್ನ ಎಲ್ಲಿಗೆ ಒಯ್ತಾರ್ರಿ?"

"ಎಲ್ಲಿಗೂ ಇಲ್ರಿ. ಸುಮ್ಮನ ನಡಿಯೋದು."

"ಎಲ್ಲಿಗೂ ಅಲ್ಲದ ನಡಿಯೋದು ಗೌಡರ ಹೋರಿ. ಅದೂ ಹಗ್ಗ ಹರಕೊಂಡಾಗ."

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಆದರೆ ಒಂದು ಗಳಿಗೆ ತಡವಾಗಿ. ನಾನು ಸಾಮಾನ್ಯವಾಗಿ ಎಲ್ಲದಕ್ಕೂ ತಡವಾಗಿಯೇ ನಗುತ್ತೇನೆ. ಮೊದಲು ಯಾರು ಯಾಕೆ ನಗುತ್ತಿದ್ದಾರೆ ಎಂದು ನೋಡಿಕೊಳ್ಳಬೇಕು.

ಮಧ್ಯಾಹ್ನ ಊಟದಲ್ಲಿ ನಿಂಗವ್ವನವರು ನನ್ನ ಪಕ್ಕ ಬಂದು ಕುಳಿತರು. "ನಿಮ್ಮ ಲಗ್ನ ಆಗೇತೇನ್ರಿ?" ಇಂಥ ಪ್ರಶ್ನೆಗಳಿಗೆಂದೇ ನನ್ನ ಬಳಿ ಒಂದು ಚಿಕ್ಕ ಉತ್ತರ ಇರುತ್ತದೆ. "ಇನ್ನೂ ಆಗಿಲ್ರಿ" ಎಂದೆ. "ಆಗಿಲ್ಲೊ, ಮಾಡ್ಕೊಂಡಿಲ್ಲೊ?" ಎಂದರು. ನಾನು ಉಪ್ಪಿನಕಾಯಿ ಬಡಿಸಿಕೊಳ್ಳಲು ಎದ್ದು ಹೋದೆ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು ನಾನು. ಅಲ್ಲಿ ಅನುಮಾನ ಎಂಬುದು ದೊಡ್ಡ ಮರ್ಯಾದೆಯ ಪದ. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿದುಕೊಳ್ಳುವ ಜ್ಞಾನಮಾರ್ಗಕ್ಕೆ ಅನುಮಾನ ಎಂದು ಹೆಸರು. ಆ ಪದ ಗ್ರಂಥದಿಂದ ಇಳಿದು ಕನ್ನಡದ ಅಡುಗೆಮನೆಗೆ ಬರುವಷ್ಟರಲ್ಲಿ ದಾರಿಯಲ್ಲಿ ಏನಾಯಿತೋ, ಮುಖ ಗಂಟು ಹಾಕಿಕೊಂಡೇ ಒಳಗೆ ಬಂತು. ಹೇಮಗುಡ್ಡದ ಮೇಲೆ ಹೊಗೆ ಎದ್ದರೆ ಪಂಡಿತ ಬೆಂಕಿಯಿದೆ ಎಂದು ನಿರ್ಣಯಿಸಿ ಮಲಗುತ್ತಾನೆ. ನಿಂಗವ್ವನವರಾದರೆ ಹಚ್ಚಿದವರು ಯಾರು, ಏನು ಬೇಯಿಸುತ್ತಿದ್ದಾರೆ, ನಮಗೇಕೆ ಹೇಳಲಿಲ್ಲ ಎಂದು ವಿಚಾರಿಸದೆ ಬಿಡುವುದಿಲ್ಲ. ಅನುಮಾನ ಸಾಲದೆಂದು ನಮ್ಮ ಕಡೆಯವರು ಗುಮಾನಿಯನ್ನೂ ಬಳಕೆಯಲ್ಲಿ ಇಟ್ಟುಕೊಂಡಿದ್ದಾರೆ. ಸಂಶಯ, ಶಂಕೆ, ಈಗ ಡೌಟು. ನಂಬಿಕೆಗೂ ಇಷ್ಟೇ ಪದಗಳಿವೆಯೇ ಎಂದು ಎಣಿಸಲು ಹೊರಟು, ಸೋಲಬಹುದೆನಿಸಿ ಬಿಟ್ಟೆ.

ಎರಡನೆಯ ದಿನ ಉಸಿರಾಟದ ಅಭ್ಯಾಸವಿತ್ತು. ಎಲ್ಲರೂ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದೆ. ಮುಚ್ಚಿದ್ದಾರೋ ಇಲ್ಲವೋ ಎಂದು ನೋಡಲು ನಾನು ಕಣ್ಣು ತೆರೆದೇ ಇಟ್ಟಿದ್ದೆ. ಎಲ್ಲರೂ ಮುಚ್ಚಿದ್ದರು, ಗೋಡೆಯ ಹತ್ತಿರದ ಒಬ್ಬರ ಹೊರತು. ನಾವಿಬ್ಬರೂ ನಿದ್ದೆಹೋದ ಊರಿನ ಇಬ್ಬರು ಕಾವಲುಗಾರರಂತೆ ಪರಸ್ಪರ ನೋಡಿಕೊಂಡೆವು. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಅವರ ಮೇಲೆ. ಆದರೂ ಆ ಕ್ಷಣದಲ್ಲಿ, ನಿಜ ಹೇಳುತ್ತೇನೆ, ಆ ಕೋಣೆಯಲ್ಲಿ ನನಗೆ ಅತ್ಯಂತ ಪರಿಚಿತರೆನಿಸಿದವರು ಅವರೇ.

ಮೂರನೆಯ ದಿನದ ಪಾಠವನ್ನು ತರಬೇತಿಯ ಪುಸ್ತಕದಲ್ಲಿ ಪಾತ್ರಾಭಿನಯ ಎಂದು ಬರೆದಿದ್ದರು. ಹುಡುಗಿಯರು ನಾಟಕ ಎಂದರು. ಒಬ್ಬಳು ಕಾರ್ಯಕರ್ತೆಯಾಗಿ ಮನೆಗೆ ಬರಬೇಕು, ಇನ್ನೊಬ್ಬಳು ಅವಳ ಮಾತು ಒಪ್ಪದ ಮನೆಯ ಹಿರಿಯಳಾಗಬೇಕು. ಚೀಟಿ ಎತ್ತಿದಾಗ ಹಿರಿಯಳ ಪಾತ್ರ ರೇಣುಕಾಗೆ ಬಂತು. ಅವಳು ನನ್ನ ಮುಖ ನೋಡಿದಳು. ಚೀಟಿ ಬದಲಿಸಬೇಕಿತ್ತು, ಗೋಡೆಯ ಕಡೆಯ ಕಣ್ಣು ನನ್ನ ಬೆರಳುಗಳ ಮೇಲೇ ಇದ್ದುದರಿಂದ ಧೈರ್ಯವಾಗಲಿಲ್ಲ.

ಮಂಜುಳಾ ಎಂಬ ಹುಡುಗಿ ಕಾರ್ಯಕರ್ತೆಯಾಗಿ ಬಂದು ಇಲ್ಲದ ಬಾಗಿಲು ತಟ್ಟಿದಳು. ರೇಣುಕಾ ಸೆರಗು ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ದನಿಯೇ ಬೇರೆಯಾಯಿತು.

"ಯಾರವಾ? ಚಪ್ಪಲಿ ಹೊರಗ ಬಿಟ್ಟಿಯೊ, ಹಂಗ ಬಂದಿಯೊ?"

"ಆರೋಗ್ಯದ ಕಡಿಂದ ಬಂದೀನ್ರಿ ಅತ್ತಿ. ದಿನಾ ಸಂಜಿಕ ಒಂದೀಟು ನಡದಾಡ್ರಿ ಅಂತ ಹೇಳಾಕ."

"ಯಾಕ, ಮನ್ಯಾಗ ಕೆಲಸ ತೀರ್ಯಾವೇನ? ಸೊಸಿ ಒಬ್ಬಾಕಿ ಓಣಿ ಅಳಿಯಾಕ ಹೊಂಟಾಳ, ಇನ್ನ ನಾನೂ ಒಂದು ಕಡಿಂದ ಅಳತಿ ಮಾಡ್ಕೋಂತ ಹೋಗಲೇನ?"

ಎಲ್ಲರೂ ಗೊಳ್ಳೆಂದು ನಕ್ಕು, ಒಮ್ಮೆಲೇ ನಿಲ್ಲಿಸಿದರು. ನಿಂಗವ್ವನವರು ಗೋಡೆ ಹಿಡಿದು ಎದ್ದಿದ್ದರು.

"ತಪ್ಪು ಮಾಡಾಕತ್ತಿ" ಎಂದರು.

ರೇಣುಕಾಳ ಕೈ ಸೊಂಟದಿಂದ ಜಾರಿತು. ಅವಳ ಕೆಲಸವೂ ಅದರ ಜೊತೆಗೇ ಜಾರಿತು ಎಂದುಕೊಂಡೆ.

"ನಾ ಹಿಂಗ ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತು ಬೈತೀನೇನ? ನಿಂತ್ರ ಕಾಲು ಜುಮ್ಮ್ ಅಂತಾವ. ಕುಂತು ಬೈ."

ನಗು ಮತ್ತೆ ಎದ್ದಿತು. ರೇಣುಕಾ ನಗಲಿಲ್ಲ. "ಕಾಲು ಜುಮ್ಮ್ ಅಂತಾವ? ಯಾವಾಗಿಂದ್ರಿ ಅತ್ತಿ?"

ನಿಂಗವ್ವನವರು ಒಮ್ಮೆ ಸೊಸೆಯನ್ನು, ಒಮ್ಮೆ ನನ್ನನ್ನು ನೋಡಿದರು. "ಇದೂ ನಾಟಕದಾಗ ಐತೇನ?"

"ಐತ್ರಿ" ಎಂದಳು ರೇಣುಕಾ.

ಅದು ಸುಳ್ಳು. ಆದರೆ ನಾಟಕವೆಂದ ಮೇಲೆ ಹೇಳಬಹುದು ಎಂದು ಅವರಿಗೆ ಅನಿಸಿರಬೇಕು. ಹೇಳಿದರು. ಶೇಂಗಾ ಕಿತ್ತ ಮೇಲಿನಿಂದ ಹೀಗೆ. ಒಮ್ಮೆ ಅಂಗಾಲು ಉರಿಯುತ್ತದೆ, ಒಮ್ಮೆ ಅಲ್ಲಿ ಕಾಲೇ ಇಲ್ಲವೆನಿಸುತ್ತದೆ. "ಹಾದ್ಯಾಗ ಚಪ್ಪಲಿ ಕಳಚಿ ಬಿದ್ರ ಗೊತ್ತಾಗೂದಿಲ್ಲ. ಹಿಂದ ಬರೋರು, ಯವ್ವಾ ನಿನ್ನ ಚಪ್ಪಲಿ, ಅಂತ ಕರದು ಕೊಡ್ತಾರ."

ಯಾರೂ ನಗಲಿಲ್ಲ. ಸಕ್ಕರೆ ಕಾಯಿಲೆ ಕಾಲಿಗೆ ಇಳಿದರೆ ಹೇಗಿರುತ್ತದೆ ಎಂದು ಹಿಂದಿನ ದಿನವಷ್ಟೇ ನಾನು ಚಿತ್ರ ತೋರಿಸಿ ವಿವರಿಸಿದ್ದೆ.

"ಮನ್ಯಾಗ ಯಾಕ ಹೇಳಲಿಲ್ರಿ?" ರೇಣುಕಾ ಮೆಲ್ಲಗೆ ಕೇಳಿದಳು.

"ಹೇಳಿದ್ರ ದವಾಖಾನಿ ಅಂತೀರಿ. ದವಾಖಾನಿಗೆ ಹೋದಾವ್ರು ಏನೇನ್ ಕಳಕೊಂಡು ಬಂದಾರ ನೋಡೀನಿ." ಹಾಗೆಂದು ಕುರ್ಚಿಗೆ ಮರಳಿದರು. "ಮುಗೀತಿಲ್ಲೊ ನಾಟಕ?"

ಸಂಜೆ ಹೊರಡುವಾಗ ಸೊಸೆಯ ಕೆಲಸದ ಬಗ್ಗೆ ನಾನೇ ಕೇಳಿದೆ. "ನೋಡೂಣು" ಎಂದರು. ಆ ಪದದಿಂದ ಏನನ್ನು ಅನುಮಾನಿಸಬೇಕೋ ನನ್ನ ತರ್ಕಶಾಸ್ತ್ರಕ್ಕೆ ಹೊಳೆಯಲಿಲ್ಲ.

ರಾತ್ರಿಯೆಲ್ಲ ನನ್ನನ್ನು ಕಾಡಿದ್ದು 'ಆರಾಮ' ಎಂಬ ಇನ್ನೊಂದು ಪದ. ನಮ್ಮ ಕಡೆ ಯಾರು ಎದುರಾದರೂ ಆರಾಮ ಅದೀರಿ ಎಂದು ಕೇಳುತ್ತೇವೆ, ಅವರು ಆರಾಮ ಎನ್ನುತ್ತಾರೆ, ದಾಟಿ ಹೋಗುತ್ತೇವೆ. ನನ್ನ ಹುಡುಗಿಯರು ನಾಳೆ ಮನೆಮನೆಗೆ ಹೋಗಿ ಕೇಳುವುದೂ ಅದನ್ನೇ. ಮನೆಯವರು ಆರಾಮ ಎಂದರೆ ಪುಸ್ತಕದ ಪ್ರಕಾರ ಸಂತೋಷಪಟ್ಟು ಮುಂದಿನ ಮನೆಗೆ ಹೋಗಬೇಕು. ತೂಕದ ಯಂತ್ರದ ಕೆಳಗಿನ ನೆಲ ನೋಡುವ ಕಣ್ಣು ಬೇಕಾಗುವುದು ಅಲ್ಲಿ. ಅದನ್ನು ನಾನು ಯಾವ ದಿನವೂ ಕಲಿಸಿರಲಿಲ್ಲ, ಕೆಟ್ಟ ಗುಣವೆಂದು ಮುಚ್ಚಿಟ್ಟುಕೊಂಡಿದ್ದೆ.

ಮರುದಿನ ಬೆಳಿಗ್ಗೆ ರೇಣುಕಾ ಒಬ್ಬಳೇ ಬಂದಳು. ಮುಖ ಅರಳಿತ್ತು. "ಬಿಟ್ಟಾರ್ರಿ ಅಕ್ಕಾರ! ಕೆಲಸಕ್ಕ ಹೋಗು ಅಂದಾರ."

"ಅವ್ರು ಯಾಕ ಬರಲಿಲ್ಲ?"

"ಆರಾಮ ಅದಾರಂತ್ರಿ. ನಿನ್ನೆ ನಾಟಕದಾಗ ಏನೇನೋ ಅಂದೀನಿ, ಖರೇ ತಿಳಕೋಬ್ಯಾಡ್ರಿ ಅಂತ ಹೇಳು ಅಂದಾರ." ಹೇಳುತ್ತ ಹೇಳುತ್ತ ಅವಳ ಮುಖ ಮುದುಡಿತು. ಆ ಮಾತಿನ ಒಳಗೆ ಏನಿದೆ ಎಂದು ಅವಳಿಗೂ ಕಂಡಿತ್ತು.

ಅಂದಿನ ಪಾಠ ಮನೆಭೇಟಿ. ಭಾಗ್ಯನಗರದ ಎರಡು ಓಣಿಗಳಲ್ಲಿ ಮಾಡಿಸುವುದೆಂದು ಮೊದಲೇ ನಿಗದಿಯಾಗಿತ್ತು. ನಾನು ರಕ್ತದ ಸಕ್ಕರೆ ನೋಡುವ ಪುಟ್ಟ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲರನ್ನೂ ನಡೆಸಿಕೊಂಡೇ ಕೊಪ್ಪಳದ ಬಸ್ ನಿಲ್ದಾಣಕ್ಕೆ ಹೋಗಿ, ರೇಣುಕಾಳ ಊರಿನ ಕಡೆ ಹೋಗುವ ಯಲಬುರ್ಗಾ ಬಸ್ಸು ಹತ್ತಿಸಿದೆ. ಕಂಡಕ್ಟರ್ ನಮ್ಮ ದಂಡನ್ನು ಮೇಲಿನಿಂದ ಕೆಳಗೆ ನೋಡಿ, "ಇಷ್ಟು ಮಂದಿ ಹೆಣ್ಮಕ್ಕಳು! ಲಗ್ನಕ್ಕ ಏನ್ರಿ?" ಎಂದ.

"ಅಲ್ರಿ" ಎಂದೆ. "ಒಬ್ರನ್ನ ಮಾತಾಡಿಸ್ಕೊಂಡು ಬರಾಕ."